ಊರ ವಾಚನಾಲಯವೂ ಮತದಾರನೂ

ತಿಪಟೂರು, ತುರುವೇಕೆರೆ, ಚಿಕ್ಕನಾಯಕನಹಳ್ಳಿ ಈ ಮೂರು ತಾಲ್ಲೂಕುಗಳಲ್ಲಿ ತೆಂಗಿನ ತೋಟವಿಲ್ಲದ ಊರನ್ನು ಹುಡುಕಬೇಕಷ್ಟೆ. ನಮ್ಮ ಕಡೆಯ ರೈತನು ಬಲಿತ ಕಾಯನ್ನು ಕೆಡವಿದೊಡನೆಯೇ ಒಡೆಯುವುದಿಲ್ಲ. ಅಟ್ಟಕ್ಕೆ ಏರಿಸಿ ತಿಂಗಳುಗಟ್ಟಲೆ ಕಾಯುತ್ತಾನೆ. ಒಳಗಿನ ನೀರು ಇಂಗಿ, ತಿರುಳು ಚಿಪ್ಪನ್ನು ಬಿಟ್ಟು, ಅಲುಗಿಸಿದರೆ ಗಡಗಡನೆ ಸದ್ದು ಬರಬೇಕು. ಆಮೇಲೆಯೇ ಸುಲಿದು, ಒಡೆದು, ಉಂಡೆ ಕೊಬ್ಬರಿಯನ್ನು ತಿಪಟೂರಿನ ಮಾರುಕಟ್ಟೆಗೆ ತರುವುದು. ಅವಸರಪಟ್ಟು ಒಡೆದ ಕಾಯಿ ಅಡಿಗೆಗೆ ಆದೀತು, ಹರಾಜಿಗೆ ಆಗದು. ಒಂದು ಕಾಯಿಯ ವಿಷಯದಲ್ಲಿ ಇಷ್ಟು ತಾಳ್ಮೆ ತೋರುವ ನಾವು, ಐದು ವರ್ಷಕ್ಕೊಮ್ಮೆ ಕೊಡುವ ಮತದ ವಿಷಯದಲ್ಲಿ ಎಷ್ಟು ದಿನ ಯೋಚಿಸುತ್ತೇವೆ?

'ಮತ' ಎಂಬ ಮಾತನ್ನೇ ನೋಡಿ. ಯೋಚಿಸು ಎಂಬರ್ಥದ 'ಮನ್' ಧಾತುವಿನಿಂದ ಹುಟ್ಟಿದ ಪದ ಅದು. ಯೋಚಿಸಿ ನಿಶ್ಚಯಿಸಿದ್ದು ಯಾವುದೋ ಅದೇ ಮತ. ಹಾಗಾದರೆ ಯೋಚಿಸದೆ ಒತ್ತಿದ ಗುಂಡಿಗೆ, ಯಾರೋ ಹೇಳಿದರೆಂದು ಹಾಕಿದ ಓಟಿಗೆ, ಆ ಹೆಸರು ಸಲ್ಲುವುದೆ? ವ್ಯಾಕರಣ ಒಪ್ಪುವುದಿಲ್ಲ. ಇನ್ನು ಅದರ ಜೊತೆಗೆ ಸೇರಿದ 'ದಾನ' ಎಂಬ ಮಾತು. ದಾನ ಕೊಟ್ಟವನು ಪ್ರತಿಫಲ ಪಡೆಯುವಂತಿಲ್ಲ. ಪಡೆದರೆ ಅದು ದಾನವಲ್ಲ, ವ್ಯಾಪಾರ. ಚುನಾವಣೆಯ ಹಿಂದಿನ ರಾತ್ರಿ ಬಾಗಿಲು ತಟ್ಟುವವರಿಗೆ ಹೇಳಬೇಕಾದ ಉತ್ತರ ಆ ಪದದಲ್ಲಿಯೇ ಇದೆ.

ಯೋಚನೆಗೆ ಸಾಮಗ್ರಿ ಬೇಕು, ಕುಳಿತುಕೊಳ್ಳಲು ಸ್ಥಳವೂ ಬೇಕು. ಮಂಡಿಯ ಜಗಲಿಯಲ್ಲಿ ಕುಳಿತರೆ ಮಂಡಿಯವರ ಮಾತಿಗೆ ತಲೆದೂಗಬೇಕು. ಹೋಟೆಲಿನ ಬೆಂಚಿನಲ್ಲಿ ಕಾಫಿ ಮುಗಿದ ಮೇಲೆ ಏಳಬೇಕು. ಯಾರ ಹಂಗೂ ಇಲ್ಲದೆ, ಕಾಸು ಕೊಡದೆ, ಜಾತಿ ಪಕ್ಷ ಹೇಳದೆ ಕುಳಿತು ಓದಬಹುದಾದ ಜಾಗ ನಮ್ಮ ಊರುಗಳಲ್ಲಿ ಒಂದೇ ಒಂದು. ಅದು ಸಾರ್ವಜನಿಕ ಗ್ರಂಥಾಲಯ.

ಪ್ರಜೆಗಳ ಮಾತಿಗೂ ಪುಸ್ತಕಕ್ಕೂ ಇರುವ ಈ ನಂಟು ನಮ್ಮ ನಾಡಿಗೆ ಹೊಸದಲ್ಲ. ದಿವಾನ್ ರಂಗಾಚಾರ್ಲು ಅವರ ಕಾಲದಲ್ಲಿ, 1881ರಲ್ಲಿ, ಮೈಸೂರಿನ ಪ್ರಜಾಪ್ರತಿನಿಧಿ ಸಭೆ ಮೊದಲು ಸೇರಿತು. ಅಂದು ಅಲ್ಲಿ ಕುಳಿತವರು ಜಮೀನುದಾರರು, ವರ್ತಕರು, ಸಾಮಾನ್ಯನಿಗೆ ಮತವಿರಲಿಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1915ರಲ್ಲಿ, ಬೆಂಗಳೂರು ಮೈಸೂರುಗಳಲ್ಲಿ ಸಾರ್ವಜನಿಕ ಪುಸ್ತಕಾಲಯಗಳು ತೆರೆದವು. 1945ರಲ್ಲಿ ಡಿ. ವಿ. ಗುಂಡಪ್ಪನವರು ಬೆಂಗಳೂರಿನಲ್ಲಿ ಗೋಖಲೆ ಸಾರ್ವಜನಿಕ ವಿಚಾರ ಸಂಸ್ಥೆಯನ್ನು ಕಟ್ಟಿದರು. ಪ್ರಜೆಯಾಗುವುದಕ್ಕೂ ಅಭ್ಯಾಸ ಬೇಕು ಎಂಬುದು ಅದರ ತಳಹದಿ. ಪುಸ್ತಕಭಂಡಾರ ಮತ್ತು ಚರ್ಚೆ ಎರಡನ್ನೂ ಅವರು ಒಂದೇ ಸೂರಿನ ಕೆಳಗೆ ಇಟ್ಟರು.

ನಮ್ಮ ತೆಂಗಿನ ಸೀಮೆಯ ಪಾಲೂ ಇದರಲ್ಲಿ ಸಣ್ಣದಲ್ಲ. ತುರುವೇಕೆರೆ ತಾಲ್ಲೂಕಿನ ಸಂಪಿಗೆಯಲ್ಲಿ ಹುಟ್ಟಿದ ಬಿ. ಎಂ. ಶ್ರೀಕಂಠಯ್ಯನವರು 1911ರಲ್ಲಿ ಧಾರವಾಡದಲ್ಲಿ ನಿಂತು, ಕನ್ನಡ ತಲೆಯೆತ್ತುವ ಬಗೆಯನ್ನು ಕುರಿತು ಮಾತಾಡಿದರು. ಚಿಕ್ಕನಾಯಕನಹಳ್ಳಿ ತಾಲ್ಲೂಕಿನ ತೀರ್ಥಪುರದ ತೀ. ನಂ. ಶ್ರೀಕಂಠಯ್ಯನವರು ಸಂವಿಧಾನದ ಪರಿಭಾಷೆಯ ಕೆಲಸದಲ್ಲಿ ದುಡಿದವರು; 'ರಾಷ್ಟ್ರಪತಿ' ಎಂಬ ಮಾತು ಬಳಕೆಗೆ ಬಂದದ್ದರಲ್ಲಿ ಅವರ ಪಾಲು ದೊಡ್ಡದೆಂದು ವಿದ್ವಾಂಸರು ಸ್ಮರಿಸುತ್ತಾರೆ. ಕಾವ್ಯಮೀಮಾಂಸೆ ಬರೆದ ಕೈಯೇ ರಾಜ್ಯಾಂಗದ ಮಾತುಗಳನ್ನೂ ತೂಗಿ ನೋಡಿತು. ಆ ಮಾತುಗಳು ಜನರ ನಾಲಗೆಗೆ ಬರಬೇಕಾದರೆ ಊರೂರಿನಲ್ಲಿ ಅವನ್ನು ಓದುವ ಕೋಣೆ ಬೇಕು. 1965ರ ಸಾರ್ವಜನಿಕ ಗ್ರಂಥಾಲಯಗಳ ಕಾಯಿದೆ ಹುಟ್ಟಿದ್ದು ಈ ಕೊರತೆಯನ್ನು ತುಂಬುವುದಕ್ಕೆ.

ವಾಚನಾಲಯವು ಮತದಾರನಿಗೆ ಏನು ಕಲಿಸುತ್ತದೆ? ನಾನು ಕಂಡ ಒಂದು ಪ್ರಸಂಗ ಹೇಳುತ್ತೇನೆ. 2024ರ ಆರಂಭದಲ್ಲಿ, ಕೊಬ್ಬರಿಯ ಧಾರಣೆ ಬಿದ್ದು ಬೆಂಬಲ ಬೆಲೆಯ ಮಾತು ಎಲ್ಲರ ಬಾಯಲ್ಲೂ ಇದ್ದಾಗ, ತೋಟದ ಯಜಮಾನರೊಬ್ಬರು ಎರಡು ಪತ್ರಿಕೆಗಳನ್ನು ಮೇಜಿನ ಮೇಲೆ ಹರಡಿಕೊಂಡು ನನ್ನನ್ನು ಕರೆದರು.

"ಮೇಷ್ಟ್ರೇ, ಒಂದರಲ್ಲಿ ಕ್ವಿಂಟಾಲಿಗೆ 12,000 ಅಂತ ಐತೆ. ಇನ್ನೊಂದರಲ್ಲಿ 13,500 ಅಂತ ಐತೆ. ಯಾವುದು ಸುಳ್ಳು?"

ಎರಡೂ ಸುಳ್ಳಲ್ಲ. 12,000 ಎಂಬುದು ಉಂಡೆ ಕೊಬ್ಬರಿಗೆ ಕೇಂದ್ರ ಸರ್ಕಾರ ನಿಗದಿ ಮಾಡಿದ್ದ ಬೆಲೆ. ಅದರ ಮೇಲೆ ರಾಜ್ಯ ಸರ್ಕಾರ 1,500 ರೂಪಾಯಿ ಪ್ರೋತ್ಸಾಹಧನ ಸೇರಿಸಿತ್ತು. ಇಬ್ಬರೂ ಕುಳಿತು ಎರಡು ವರದಿಗಳನ್ನೂ ಕೊನೆಯವರೆಗೆ ಓದಿದೆವು. ಓದಿ ಮುಗಿಸಿ ಅವರು, "ಹಂಗಾದ್ರೆ ಯಾರನ್ನ ಏನು ಕೇಳಬೇಕು ಅನ್ನೋದು ಈಗ ಗೊತ್ತಾಯ್ತು" ಎಂದರು. ಮನೆಯಲ್ಲಿ ಒಂದೇ ಪತ್ರಿಕೆ ತರಿಸುವವನಿಗೆ ಈ ಪ್ರಶ್ನೆಯೇ ಹುಟ್ಟದು. ದೆಹಲಿಯನ್ನು ಕೇಳಬೇಕಾದ್ದು ಯಾವುದು, ಬೆಂಗಳೂರನ್ನು ಕೇಳಬೇಕಾದ್ದು ಯಾವುದು, ಪಂಚಾಯಿತಿಯ ಬಾಗಿಲಲ್ಲಿ ಕೇಳಬೇಕಾದ್ದು ಯಾವುದು, ಇದನ್ನು ಬಿಡಿಸಿ ತಿಳಿಯುವುದೇ ರಾಜಕೀಯ ಶಿಕ್ಷಣದ ಮೊದಲ ಪಾಠ.

ಇನ್ನೊಂದು ಪ್ರಸಂಗ ಅಷ್ಟು ಸಂತೋಷದ್ದಲ್ಲ. ಒಂದು ಚುನಾವಣೆಯ ದಿನ, ಕಾಯಿ ಸುಲಿಯುವ ಕೂಲಿ ಬಿಟ್ಟು ಬಂದ ತಾಯಿಯೊಬ್ಬರು ಬಿಸಿಲಲ್ಲಿ ಸರದಿ ನಿಂತು, ಗುರುತಿನ ಚೀಟಿ ತೋರಿಸಿ, ಪಟ್ಟಿಯಲ್ಲಿ ಹೆಸರಿಲ್ಲವೆಂದು ಹಿಂದಿರುಗಿದರು. ಚೀಟಿ ಕೈಯಲ್ಲಿದ್ದರೆ ಸಾಕೆಂದು ಅವರು ನಂಬಿದ್ದರು. ಸಾಲದು, ಹೆಸರು ಮತದಾರರ ಪಟ್ಟಿಯಲ್ಲಿ ಇರಬೇಕು. ಕರಡು ಪಟ್ಟಿ ತಿಂಗಳುಗಳ ಮುಂಚೆಯೇ ಪ್ರಕಟವಾಗಿತ್ತು. ಅವರ ಮಗ ನನ್ನ ತರಗತಿಯಲ್ಲಿ ಕುಳಿತು ಹಳಗನ್ನಡದ ಷಟ್ಪದಿ ಬಾಯಿಪಾಠ ಮಾಡುತ್ತಿದ್ದ. ಪಟ್ಟಿಯಲ್ಲಿ ಅಮ್ಮನ ಹೆಸರು ನೋಡಿಕೊಂಡು ಬಾ ಎಂದು ನಾನೂ ಅವನಿಗೆ ಹೇಳಿರಲಿಲ್ಲ. ಆ ತಪ್ಪು ಇಂದಿಗೂ ನನ್ನನ್ನು ಚುಚ್ಚುತ್ತದೆ.

ಆದುದರಿಂದ ನನ್ನ ಸೂಚನೆ ಸರಳವಾದದ್ದು. ಕರಡು ಪಟ್ಟಿಯ ಒಂದು ಪ್ರತಿ ಊರ ಗ್ರಂಥಾಲಯದಲ್ಲಿ ಇರಲಿ. ಒಂದು ಸಂಜೆ, ಹೈಸ್ಕೂಲಿನ ಹುಡುಗ ಹುಡುಗಿಯರು ಅದನ್ನು ಗಟ್ಟಿಯಾಗಿ ಓದಲಿ. ತಮ್ಮ ತಮ್ಮ ಬೀದಿಯ ಹೆಸರುಗಳಿಗೆ ಜನ ಕಿವಿಗೊಡಲಿ. ಹೊಸದಾಗಿ ಸೇರಿಸಲು ನಮೂನೆ 6, ತಿದ್ದುಪಡಿಗೂ ವಿಳಾಸ ಬದಲಿಗೂ ನಮೂನೆ 8. ಮತದಾನದ ವಯಸ್ಸು 1989ರಲ್ಲಿ 21ರಿಂದ 18ಕ್ಕೆ ಇಳಿಯಿತು. 2022ರಿಂದ ಈಚೆಗೆ ಜನವರಿ, ಏಪ್ರಿಲ್, ಜುಲೈ, ಅಕ್ಟೋಬರ್ ಈ ನಾಲ್ಕು ತಿಂಗಳುಗಳ ಮೊದಲ ದಿನಕ್ಕೆ ಹದಿನೆಂಟು ತುಂಬುವವರಿಗೆ ಅವಕಾಶವಿದೆ. ಇಷ್ಟನ್ನು ಒಂದು ಹಲಗೆಯ ಮೇಲೆ ಬರೆದು ತೂಗುಹಾಕಲು ಹೆಚ್ಚಿನ ಖರ್ಚೇನೂ ಇಲ್ಲ. ಅಮೆರಿಕದಲ್ಲಿ 1993ರ ಕಾನೂನು ಮತದಾರರ ನೋಂದಣಿಗೆ ಸಾರ್ವಜನಿಕ ಗ್ರಂಥಾಲಯಗಳನ್ನೂ ಗೊತ್ತುಪಡಿಸಲು ದಾರಿ ಮಾಡಿತು. ಫಿನ್ಲೆಂಡ್ ದೇಶದಲ್ಲಿ 2017ರಲ್ಲಿ ಜಾರಿಗೆ ಬಂದ ಗ್ರಂಥಾಲಯ ಕಾಯಿದೆಯು ಪ್ರಜಾಪ್ರಭುತ್ವದ ಪೋಷಣೆಯನ್ನು ಗ್ರಂಥಾಲಯದ ಧ್ಯೇಯಗಳಲ್ಲೇ ಸೇರಿಸಿದೆ. ನಮ್ಮಲ್ಲಿ ಒಂದು ಹಲಗೆಯಿಂದಾದರೂ ಆರಂಭವಾಗಲಿ.

ಮತದಾನವೊಂದೇ ನಾಗರಿಕನ ಕೆಲಸವಲ್ಲ. 1993ರ ಪಂಚಾಯತ್ ರಾಜ್ ಕಾಯಿದೆಯಂತೆ ಗ್ರಾಮಸಭೆ ಸೇರಬೇಕು. ಅಲ್ಲಿ ಕೇಳುವ ಹಕ್ಕು ಪ್ರತಿಯೊಬ್ಬ ಮತದಾರನಿಗೂ ಉಂಟು. ಆದರೆ ಲೆಕ್ಕ ನೋಡದೆ ಹೋದವನು ಕೇಳುವುದೇನನ್ನು? 2019ರಲ್ಲಿ ಗ್ರಾಮ ಪಂಚಾಯಿತಿ ಗ್ರಂಥಾಲಯಗಳು ಗ್ರಂಥಾಲಯ ಇಲಾಖೆಯಿಂದ ಗ್ರಾಮೀಣಾಭಿವೃದ್ಧಿ ಇಲಾಖೆಗೆ ಸೇರಿದವು. ಈಗ ಅವು 'ಅರಿವು ಕೇಂದ್ರ'ಗಳೆನಿಸಿವೆ. 2020ರಲ್ಲಿ ಆರಂಭವಾದ 'ಓದುವ ಬೆಳಕು' ಕಾರ್ಯಕ್ರಮದಿಂದ ಮಕ್ಕಳಿಗೆ ಅಲ್ಲಿ ಉಚಿತ ಸದಸ್ಯತ್ವ ದೊರೆಯಿತು. ಇದು ಒಳ್ಳೆಯದು. ಒಂದು ಅಂಜಿಕೆಯೂ ಉಂಟು: ಪಂಚಾಯಿತಿಯ ಆಶ್ರಯದ ಕೋಣೆಯಲ್ಲಿ ಪಂಚಾಯಿತಿಯ ತಪ್ಪನ್ನು ಓದಲು ಎಡೆಯಿರುವುದೆ? ಆಯವ್ಯಯದ ಪ್ರತಿ, ಕಾಮಗಾರಿಗಳ ಪಟ್ಟಿ, ಹಿಂದಿನ ಗ್ರಾಮಸಭೆಯ ನಡಾವಳಿ ಇವು ಕಥೆ ಕಾದಂಬರಿಗಳ ಪಕ್ಕದಲ್ಲೇ ಇದ್ದರೆ ಆ ಅಂಜಿಕೆಗೆ ಕಾರಣವಿರದು. ಪಕ್ಷಗಳ ಕರಪತ್ರಗಳ ವಿಷಯದಲ್ಲಿ ನಿಯಮ ಒಂದೇ: ಇಟ್ಟರೆ ಎಲ್ಲರದೂ ಇಡಬೇಕು, ಇಲ್ಲವಾದರೆ ಯಾರದೂ ಬೇಡ.

"ಗ್ರಂಥಾಲಯಕ್ಕೆ ದುಡ್ಡೆಲ್ಲಿ?" ಎಂದು ಕೇಳುವವರಿದ್ದಾರೆ. ದುಡ್ಡು ನಿಮ್ಮದೇ. ಮನೆಯ ತೆರಿಗೆಯೊಡನೆ ರೂಪಾಯಿಗೆ ಆರು ಪೈಸೆಯಂತೆ ಗ್ರಂಥಾಲಯ ಕರ ಕಟ್ಟುತ್ತೇವೆ. ಮನೆಯ ಕಂದಾಯದ ರಸೀತಿಯನ್ನು ತೆಗೆದು ನೋಡಿ. ವಸೂಲಾದ ಕರ ಗ್ರಂಥಾಲಯಕ್ಕೆ ತಲುಪದೆ ಬಾಕಿ ಉಳಿಯುವುದು ರಾಜ್ಯದ ಅನೇಕ ಕಡೆಗಳಲ್ಲಿ ಕೇಳಿಬಂದ ದೂರು. ಕರ ಎಷ್ಟು ಸಂದಿತು, ಅದರಲ್ಲಿ ಎಷ್ಟು ಪುಸ್ತಕ ಬಂತು ಎಂದು ಕೇಳುವುದೇ ಒಂದು ನಾಗರಿಕ ಕರ್ತವ್ಯ. ಹೊತ್ತಿನ ಮಾತೂ ಅಂಥದೇ. ತೋಟದ ಕೆಲಸದವರು ಮನೆಗೆ ಮರಳುವ ವೇಳೆಗೆ ಬಾಗಿಲು ಹಾಕುವ ವಾಚನಾಲಯ ಯಾರಿಗಾಗಿ?

ಪುಸ್ತಕ ಓದಿದವರೆಲ್ಲರೂ ಒಳ್ಳೆಯ ಮತದಾರರೆಂದು ನಾನು ಹೇಳಲಾರೆ. ಓದಿದವರೇ ಮತದಾನದ ದಿನ ರಜೆಯೆಂದು ಊರು ಬಿಟ್ಟದ್ದನ್ನು ಕಂಡಿದ್ದೇನೆ. ಅಕ್ಷರ ಬಾರದ ಅಜ್ಜಿ ಊರುಗೋಲು ಹಿಡಿದು ಎಲ್ಲರಿಗಿಂತ ಮುಂಚೆ ಬಂದದ್ದನ್ನೂ ಕಂಡಿದ್ದೇನೆ. ಆ ಅಜ್ಜಿಗೆ ಪತ್ರಿಕೆಯನ್ನು ಓದಿ ಹೇಳುವ ಮೊಮ್ಮಗಳು ಮನೆಯಲ್ಲಿದ್ದರೆ ಗ್ರಂಥಾಲಯ ಆ ಮನೆಯನ್ನೂ ತಲುಪಿದಂತೆಯೇ ಸರಿ.

ರೇಡಿಯೋ ಕೇಳುತ್ತಿರುವ ಮನೆಯವರಲ್ಲಿ ನನ್ನ ಬಿನ್ನಹ ಇಷ್ಟು. ಈ ವಾರ ಒಂದು ಸಂಜೆ ಮಕ್ಕಳ ಕೈ ಹಿಡಿದು ಊರ ಗ್ರಂಥಾಲಯಕ್ಕೆ ಹೋಗಿ ಬನ್ನಿ. ಎರಡು ಪತ್ರಿಕೆ ಓದಿ, ಒಂದು ಪ್ರಶ್ನೆ ಹೊತ್ತು ಬನ್ನಿ. ಅದನ್ನು ಅಟ್ಟದ ಮೇಲಿನ ಕಾಯಂತೆ ಮನಸ್ಸಿನಲ್ಲಿ ಇರಿಸಿ, ಆಗಾಗ ಅಲುಗಿಸಿ ನೋಡಿ. ಚುನಾವಣೆ ಬರುವ ಹೊತ್ತಿಗೆ ಅದು ಕೊಬ್ಬರಿಯಾಗಿರುತ್ತದೆ.