ನೋವಿನ ಅನಂತರ: ದಂತವೈದ್ಯರನ್ನು ಬದಲಿಸಬೇಕೆ?



ಥಾಣೆ, ಡೊಂಬಿವಲಿ, ಕಲ್ಯಾಣ ಮತ್ತು ನವಿಮುಂಬಯಿಗಳಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ಅನೇಕರು ಬೆಳಗಿನ ಲೋಕಲ್ ಹಿಡಿದು ಹೊರಟರೆ ರಾತ್ರಿಯೇ ಮನೆ ಸೇರುವವರು. ಹಲ್ಲಿನ ಚಿಕಿತ್ಸೆಗೆ ಅವರಿಗೆ ದೊರೆಯುವುದು ಸಂಜೆಯ ಒಂದೆರಡು ಗಂಟೆ ಅಥವಾ ಒಂದು ರಜಾದಿನ. ಹೀಗೆ ಬಿಡುವು ಮಾಡಿಕೊಂಡು ಹೋದವರು ಚಿಕಿತ್ಸೆಯ ವೇಳೆ ತೀವ್ರ ನೋವನ್ನು ಅನುಭವಿಸಿದರೆ ಸಾಮಾನ್ಯವಾಗಿ ಎರಡು ದಾರಿಗಳಲ್ಲಿ ಒಂದನ್ನು ಹಿಡಿಯುತ್ತಾರೆ. ಕೆಲವರು ಸಂಕೋಚದಿಂದ ತುಟಿ ಬಿಗಿದು ಅಲ್ಲಿಗೇ ಮರಳುತ್ತಾರೆ. ಇನ್ನು ಕೆಲವರು ಚಿಕಿತ್ಸೆಯನ್ನು ಅರ್ಧಕ್ಕೇ ಬಿಟ್ಟು, ವರ್ಷಗಟ್ಟಲೆ ಯಾವ ದಂತವೈದ್ಯರ ಬಳಿಗೂ ಸುಳಿಯುವುದಿಲ್ಲ. ಎರಡೂ ಹಾನಿಕರವೇ. ವಿಚಾರಿಸಿ ನಿರ್ಧರಿಸುವ ಮೂರನೆಯ ದಾರಿಯೊಂದಿದೆ. ಅದನ್ನು ಕುರಿತು ಇಂದು ಹೇಳಬಯಸುತ್ತೇನೆ.

ಮೊದಲು ನೋವಿನ ಕಾರಣವನ್ನು ತಿಳಿಯೋಣ. ಸ್ವೀಡನ್ನಿನ ನಿಲ್ಸ್ ಲೋಫ್‌ಗ್ರೆನ್ 1943ರಲ್ಲಿ ಸಿದ್ಧಪಡಿಸಿದ ಲಿಗ್ನೋಕೇನ್ ಎಂಬ ಔಷಧಿ ಇಂದಿಗೂ ಹಲ್ಲನ್ನು ಮರಗಟ್ಟಿಸಲು ವ್ಯಾಪಕವಾಗಿ ಬಳಕೆಯಲ್ಲಿದೆ. ಆದರೆ ಬಾವು ಬಂದ, ಕೀವು ತುಂಬಿದ ಭಾಗದಲ್ಲಿ ಆಮ್ಲೀಯತೆ ಹೆಚ್ಚುವುದರಿಂದ ಈ ಔಷಧಿಯು ನರದೊಳಕ್ಕೆ ಸಾಕಷ್ಟು ಇಳಿಯುವುದಿಲ್ಲ. ಕೆಳದವಡೆಯ ಹಲ್ಲಿನ ತಿರುಳು ಉರಿಗೊಂಡಾಗಲಂತೂ ತುಟಿ ಮರಗಟ್ಟಿದ್ದರೂ ಹಲ್ಲು ನೋಯುವುದುಂಟು. ಆದುದರಿಂದ ನೋವಾಯಿತೆಂಬ ಒಂದೇ ಕಾರಣಕ್ಕೆ ವೈದ್ಯರಿಗೆ ಕೈಗುಣವಿಲ್ಲವೆಂದು ತೀರ್ಮಾನಿಸುವುದು ನ್ಯಾಯವಲ್ಲ.

ಹಾಗೆಂದು ನೋವನ್ನು ಸಹಿಸಲೇಬೇಕೆಂದೂ ಇಲ್ಲ. ಔಷಧಿ ಹಿಡಿಯುವವರೆಗೆ ಕಾಯುವುದು, ಮತ್ತೊಂದು ಚುಚ್ಚುಮದ್ದು ನೀಡುವುದು, ಬೇರೆ ಸ್ಥಳದಲ್ಲಿ ಚುಚ್ಚುವುದು, ಹಲ್ಲಿನೊಳಗೆ ಔಷಧಿಯಿರಿಸಿ ಕೆಲವು ದಿನ ಮುಂದೂಡುವುದು, ಈ ಉಪಾಯಗಳೆಲ್ಲ ದಂತವೈದ್ಯರಿಗೆ ತಿಳಿದಿರುತ್ತವೆ. ಆದಕಾರಣ ನಾವು ಕೇಳಿಕೊಳ್ಳಬೇಕಾದ ಪ್ರಶ್ನೆ ‘ನೋವಾಯಿತೆ?’ ಎಂಬುದಲ್ಲ, ‘ನೋವಾಗುತ್ತಿದೆ ಎಂದು ನಾನು ತಿಳಿಸಿದಾಗ ವೈದ್ಯರು ಏನು ಮಾಡಿದರು?’ ಎಂಬುದು. ಕೈಯೆತ್ತಿದೊಡನೆ ಉಪಕರಣವನ್ನು ನಿಲ್ಲಿಸಿ, ಕಾರಣವನ್ನು ವಿವರಿಸಿ, ಉಪಾಯವನ್ನು ಬದಲಿಸಿದವರನ್ನು ಬಿಡುವ ಅಗತ್ಯವಿಲ್ಲ. ಗದರಿಸಿ ಮುಂದುವರಿಸಿದವರು, ಎಕ್ಸ್-ರೇ ತೋರಿಸದೆ ಹಲ್ಲು ಕೊರೆದವರು, ಒಪ್ಪಿಗೆ ಕೇಳದೆ ಬೇರೊಂದು ಹಲ್ಲಿಗೂ ಕೈಹಾಕಿದವರು, ಇವರನ್ನು ಬದಲಿಸುವುದು ಸರಿಯಾದ ನಿರ್ಧಾರ.

ಚಿಕಿತ್ಸೆಯ ನಂತರದ ನೋವಿನಲ್ಲಿಯೂ ಇಂಥದೇ ವಿವೇಚನೆ ಬೇಕು. ಜನರು ರೂಟ್ ಕೆನಾಲ್ ಎಂದು ಕರೆಯುವ ಚಿಕಿತ್ಸೆಯಾದ ಮೇಲೆ ಕೆಲವು ದಿನ ಅಗಿಯುವಾಗ ನೋಯುವುದು ಸಹಜ. ಅದು ದಿನೇ ದಿನೇ ಇಳಿಯುತ್ತಿರಬೇಕು. ಇಳಿಯುವ ಬದಲು ಏರಿದರೆ, ಹಲ್ಲು ಕೀಳಿಸಿದ ಮೂರು ನಾಲ್ಕನೆಯ ದಿನಕ್ಕೆ ನೋವು ಹೊಸದಾಗಿ ಕೆರಳಿದರೆ ಅಥವಾ ಮರಗಟ್ಟಿದ ತುಟಿಗೆ ಮರುದಿನವೂ ಸ್ಪರ್ಶ ಬಾರದಿದ್ದರೆ ತಡಮಾಡದೆ ವೈದ್ಯರನ್ನು ಕಾಣಬೇಕು. ಮುಖದ ಊತ, ಜ್ವರ, ಬಾಯಿ ತೆರೆಯಲಾಗದಿರುವುದು, ನುಂಗಲು ಅಥವಾ ಉಸಿರಾಡಲು ಕಷ್ಟ, ಇವು ಕಂಡುಬಂದರೆ ವೈದ್ಯರ ಬದಲಾವಣೆಯ ವಿಚಾರವನ್ನು ಬದಿಗಿರಿಸಿ ಕೂಡಲೇ ಆಸ್ಪತ್ರೆಗೆ ಧಾವಿಸಬೇಕು.

ಅರ್ಧದಲ್ಲಿ ಬಿಟ್ಟ ಚಿಕಿತ್ಸೆಯ ಅಪಾಯವನ್ನು ಲಘುವಾಗಿ ಎಣಿಸಬಾರದು. ಹಲ್ಲಿಗೆ ತುಂಬಿದ ತಾತ್ಕಾಲಿಕ ಸಿಮೆಂಟು ಬಹುಕಾಲ ಬಾಳುವಂಥದಲ್ಲ. ಅದು ಸವೆದರೆ ಜೊಲ್ಲಿನೊಡನೆ ರೋಗಾಣುಗಳು ಒಳಗಿಳಿಯುತ್ತವೆ. ಟೊಳ್ಳಾದ ಹಲ್ಲು ಸೀಳುತ್ತದೆ. ಉಳಿಯಬಹುದಾಗಿದ್ದ ಹಲ್ಲನ್ನು ಕೊನೆಗೆ ಕೀಳಿಸಬೇಕಾಗುತ್ತದೆ. ನೋವಿನ ಉಪಶಮನಕ್ಕೆಂದು ಮಹಾರಾಷ್ಟ್ರದಲ್ಲಿ ಬಳಕೆಯಲ್ಲಿರುವ ಮಿಶ್ರಿಯನ್ನು ಒಸಡಿಗೆ ತಿಕ್ಕುವವರೂ ಇದ್ದಾರೆ. ಅದು ಸುಟ್ಟ ಹೊಗೆಸೊಪ್ಪು; ಬಾಯಿಯ ಕ್ಯಾನ್ಸರಿಗೆ ಆಹ್ವಾನ. ವೈದ್ಯರನ್ನು ಬಿಡಬಹುದು, ಚಿಕಿತ್ಸೆಯನ್ನು ಬಿಡಲಾಗದು.

ಬದಲಿಸುವ ಮುನ್ನ ಅದೇ ವೈದ್ಯರೊಡನೆ ಒಮ್ಮೆ ಮಾತನಾಡುವುದು ಲೇಸು. ‘ಕಳೆದ ಸಲ ಬಹಳ ನೋವಾಯಿತು, ಈ ಸಲ ಏನು ಮಾಡುವಿರಿ? ಇನ್ನೆಷ್ಟು ಸಲ ಬರಬೇಕು? ಒಟ್ಟು ವೆಚ್ಚವೆಷ್ಟು?’ ಎಂದು ಕೇಳುವುದು ಅವಿನಯವಲ್ಲ. ನಮ್ಮವರಿಗೆ ಇಲ್ಲಿ ಭಾಷೆಯ ತೊಡಕೂ ಉಂಟು. ಹಲ್ಲು ‘ಜುಂ’ ಎನ್ನುವುದು, ಸಿಡಿಯುವುದು, ಸೆಳೆಯುವುದು, ಇವು ಬೇರೆ ಬೇರೆ ನೋವುಗಳು. ವೈದ್ಯರಿಗೆ ಬೇರೆ ಬೇರೆ ಸೂಚನೆಗಳು. ಊರಿನಿಂದ ಬಂದ ಹಿರಿಯರಿಗೆ ಮರಾಠಿ, ಹಿಂದಿ ಬಾರದಿದ್ದರೆ ಮನೆಯವರೊಬ್ಬರು ಜೊತೆಗಿರುವುದು ಅವಶ್ಯ. ಬಿಸಿಗೆ ನೋವೋ, ತಣ್ಣನೆಯದಕ್ಕೋ, ರಾತ್ರಿ ಹೆಚ್ಚೋ ಎಂಬುದನ್ನು ಬರೆದಿಟ್ಟುಕೊಂಡು ಹೋಗಬಹುದು.

ಉತ್ತರ ಸಮಾಧಾನ ತಾರದಿದ್ದರೆ ಇನ್ನೊಬ್ಬರ ಅಭಿಪ್ರಾಯ ಪಡೆಯಿರಿ. ಮಾಹಿತಿ, ದಾಖಲೆಗಳ ಪ್ರತಿ ಮತ್ತು ಎರಡನೆಯ ಅಭಿಪ್ರಾಯ ಪಡೆಯುವುದನ್ನು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗವು ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದು ಎತ್ತಿಹಿಡಿದಿದೆ. ಎಕ್ಸ್-ರೇ, ಔಷಧಿ ಚೀಟಿ ಹಾಗೂ ರಸೀತಿಗಳನ್ನು ಕೇಳಿ ಪಡೆದುಕೊಳ್ಳಿ; ಹೊಸ ವೈದ್ಯರು ಕೆಲಸವನ್ನು ಎಲ್ಲಿಂದ ಮುಂದುವರಿಸಬೇಕೆಂಬುದು ಅವುಗಳಿಂದಲೇ ತಿಳಿಯುವುದು. ನವಿಮುಂಬಯಿಯ ನೆರೂಲ್ ಮತ್ತು ಖಾರ್ಘರ್‌ಗಳಲ್ಲಿ ದಂತವೈದ್ಯ ಕಾಲೇಜುಗಳಿವೆ. ಕಲ್ಯಾಣ, ಡೊಂಬಿವಲಿಯವರು ಥಾಣೆಯಲ್ಲಿ ಗಾಡಿ ಬದಲಿಸಿ ಟ್ರಾನ್ಸ್-ಹಾರ್ಬರ್ ಮಾರ್ಗವಾಗಿ ನೆರೂಲನ್ನು ತಲುಪಬಹುದು. ಮುಂಬಯಿಯಲ್ಲಿ ನಾಯರ್ ದಂತ ಆಸ್ಪತ್ರೆ ಮತ್ತು ಸರಕಾರಿ ದಂತವೈದ್ಯ ಕಾಲೇಜುಗಳಿವೆ. ಇಂಥ ಕಾಲೇಜುಗಳಲ್ಲಿ ಕಾಯಬೇಕಾಗಬಹುದು. ಆದರೆ ಬೇರುನಾಳ, ಒಸಡು, ಶಸ್ತ್ರಚಿಕಿತ್ಸೆಗಳ ತಜ್ಞರು ಒಂದೇ ಸೂರಿನಡಿ ದೊರೆಯುತ್ತಾರೆ. ಹೊಸ ವೈದ್ಯರು ಯಾರೇ ಇರಲಿ, ರಾಜ್ಯ ದಂತವೈದ್ಯ ಪರಿಷತ್ತಿನ ನೋಂದಣಿ ಅವರಿಗಿದೆಯೇ ಎಂಬುದನ್ನು ವಿಚಾರಿಸಿಕೊಳ್ಳಿ.

ನಿಜವಾದ ನಿರ್ಲಕ್ಷ್ಯ ನಡೆದಿದ್ದರೆ ಕಾನೂನಿನ ಆಶ್ರಯವೂ ಇದೆ. ಹಣ ಪಡೆದು ನೀಡುವ ವೈದ್ಯಕೀಯ ಸೇವೆ ಗ್ರಾಹಕ ಸಂರಕ್ಷಣೆಯ ವ್ಯಾಪ್ತಿಗೆ ಬರುತ್ತದೆಂದು ಸರ್ವೋಚ್ಚ ನ್ಯಾಯಾಲಯವು 1995ರಲ್ಲಿ ತೀರ್ಪಿತ್ತಿತು. ಚಿಕಿತ್ಸೆಗೆ ರೋಗಿಯು ನೀಡುವ ಒಪ್ಪಿಗೆಯು ಸಾಕಷ್ಟು ವಿವರಣೆಯನ್ನು ಪಡೆದು ನೀಡಿದ್ದಾಗಿರಬೇಕೆಂದು 2008ರಲ್ಲಿ ಸ್ಪಷ್ಟಪಡಿಸಿತು. 2019ರ ಕಾಯಿದೆಯಂತೆ ದೂರಿಗೆ ಕಾರಣ ಉಂಟಾದ ಎರಡು ವರ್ಷಗಳೊಳಗೆ ಗ್ರಾಹಕ ಆಯೋಗಕ್ಕೆ ದೂರು ಸಲ್ಲಿಸಬೇಕು. ಆದರೆ ನೋವೊಂದೇ ನಿರ್ಲಕ್ಷ್ಯಕ್ಕೆ ಪುರಾವೆಯಾಗದು.

ಹೊಸ ವೈದ್ಯರ ಬಳಿ ಹಳಬರನ್ನು ದೂರುವುದರಿಂದ ಹಲ್ಲು ಗುಣವಾಗದು. ಆದದ್ದನ್ನು ಆದಂತೆ ಹೇಳಿ, ನಿಮ್ಮ ಭಯವನ್ನೂ ಹೇಳಿ, ನೋವಾದರೆ ಕೈಯೆತ್ತುವೆನೆಂದು ಮೊದಲೇ ತಿಳಿಸಿ. ಕಿವಿಗೊಡುವವರು ದೊರೆತರೆ ಅಲ್ಲಿಯೇ ಚಿಕಿತ್ಸೆಯನ್ನು ಪೂರ್ತಿಗೊಳಿಸಿಕೊಳ್ಳಿ.