ಗಗನದರ್ಶನವೂ ಗ್ರಾಮಜೀವನವೂ
(ಮಹೋತ್ಸವದ ವಿದ್ಯಾಗೋಷ್ಠಿಯಲ್ಲಿ ನಡೆದ ಉಪನ್ಯಾಸ)



ಸೇಡಂ, ಚಿತ್ತಾಪುರ, ವಾಡಿ, ಶಹಾಬಾದ, ಚಿಂಚೋಳಿ ಎಂಬ ಐದು ಊರುಗಳ ಹೆಸರು ಕಿವಿಗೆ ಬಿದ್ದೊಡನೆ ಜನರಿಗೆ ನೆನಪಾಗುವವು ಫರಸಿಕಲ್ಲು, ಸಿಮೆಂಟು, ತೊಗರಿ ಮತ್ತು ರೈಲುದಾರಿಗಳು. ಇವೆಲ್ಲವೂ ನೆಲದ ಸಂಪತ್ತು. ಈ ಸೀಮೆಗೆ ಆಕಾಶದ ಸಂಪತ್ತೂ ಒಂದುಂಟು. ಅದನ್ನು ಹಳ್ಳಿಯ ಜನರೇ ತಮ್ಮ ವಿದ್ಯೆಗೂ ಜೀವನೋಪಾಯಕ್ಕೂ ಬಳಸಿಕೊಳ್ಳಬಹುದು. ಅದರ ಬಗೆಯನ್ನು ವಿವರಿಸುವುದೇ ಈ ಉಪನ್ಯಾಸದ ಉದ್ದೇಶವು.

ವಿದ್ಯೆಯು ಈ ನೆಲಕ್ಕೆ ಹೊಸದಲ್ಲ. ಸೇಡಂ ತಾಲೂಕಿನ ಮಳಖೇಡವೇ ರಾಷ್ಟ್ರಕೂಟರ ರಾಜಧಾನಿಯಾದ ಮಾನ್ಯಖೇಟವು. ನೃಪತುಂಗನ ಕಾಲದಲ್ಲಿ, ಸುಮಾರು ಕ್ರಿ. ಶ. 850ರಲ್ಲಿ, ಮಹಾವೀರಾಚಾರ್ಯನು ‘ಗಣಿತಸಾರಸಂಗ್ರಹ’ವನ್ನು ರಚಿಸಿದನು. ಆರ್ಯಭಟ ಬ್ರಹ್ಮಗುಪ್ತರು ಗಣಿತವನ್ನು ಜ್ಯೋತಿಸ್ಸಿದ್ಧಾಂತದ ಒಂದು ಅಂಗವಾಗಿ ಬರೆದಿದ್ದರು. ಈತನಾದರೋ ಗಣಿತಕ್ಕೇ ಮೀಸಲಾದ ಗ್ರಂಥವನ್ನು ಕಟ್ಟಿದನು. ಚಿತ್ತಾಪುರದ ನೆರೆಯ ನಾಗಾವಿಯಲ್ಲಿ ಹನ್ನೊಂದನೆಯ ಶತಮಾನದಲ್ಲಿಯೇ ಘಟಿಕಾಸ್ಥಾನವಿದ್ದಿತು. ಅಲ್ಲಿಯ 1058ರ ಶಾಸನವು ಪುಸ್ತಕಭಂಡಾರವನ್ನು ನೋಡಿಕೊಳ್ಳುವ ಆರು ಮಂದಿ ಸರಸ್ವತೀ ಭಂಡಾರಿಗರನ್ನು ಹೇಳುತ್ತದೆ. ಶಹಾಬಾದದ ಸಮೀಪದ ಮರತೂರು ‘ಮಿತಾಕ್ಷರಾ’ ಕರ್ತೃವಾದ ವಿಜ್ಞಾನೇಶ್ವರನ ಊರೆಂದು ಪ್ರಸಿದ್ಧವಾಗಿರುತ್ತದೆ.

ಇಂತಹ ನಾಡಿನಲ್ಲಿ 2019ನೆಯ ಇಸವಿ ಡಿಸೆಂಬರ 26ರಂದು ನಡೆದುದನ್ನು ಮರೆಯಲಾಗದು. ಆ ದಿನ ಕಾಸರಗೋಡು ಕೊಡಗುಗಳಲ್ಲಿ ಕಂಕಣ ಸೂರ್ಯಗ್ರಹಣವು ಕಾಣಿಸಿತು. ಕಲಬುರಗಿ ಸೀಮೆಯಲ್ಲಿ ಅದು ಪಾರ್ಶ್ವಗ್ರಹಣವಾಗಿದ್ದಿತು. ಕಲಬುರಗಿಯ ಬಳಿಯ ತಾಜಸುಲ್ತಾನಪುರದಲ್ಲಿ ಅಂಗವೈಕಲ್ಯವುಳ್ಳ ಮಕ್ಕಳನ್ನು ಗ್ರಹಣ ಕಾಲದಲ್ಲಿ ಕುತ್ತಿಗೆಯವರೆಗೆ ಮಣ್ಣಿನಲ್ಲಿ ಹೂಳಲಾಗಿದ್ದಿತು. ಹಾಗೆ ಮಾಡಿದರೆ ವೈಕಲ್ಯವು ನೀಗುವುದೆಂಬ ನಂಬಿಕೆಯೇ ಅದಕ್ಕೆ ಕಾರಣವು. ಆ ತಾಯಿತಂದೆಗಳು ನಿರ್ದಯರಲ್ಲ. ಮಗು ಎದ್ದು ನಡೆಯಲೆಂಬ ಆಶೆಯೇ ಅವರನ್ನು ಆ ಕುಣಿಯವರೆಗೆ ಕರೆದೊಯ್ದಿತು. ಅವರನ್ನು ಹಳಿಯುವುದರಿಂದ ಪ್ರಯೋಜನವಿಲ್ಲ; ಬೆಳಕನ್ನು ಅವರ ಮನೆಯ ಬಾಗಿಲಿಗೆ ಒಯ್ಯುವುದೇ ತಕ್ಕ ಕೆಲಸವು.

ಗ್ರಹಣವೆಂದರೇನು? ಸೂರ್ಯನಿಗೂ ಭೂಮಿಗೂ ನಡುವೆ ಚಂದ್ರನು ಬಂದು ತನ್ನ ನೆರಳನ್ನು ಭೂಮಿಯ ಮೇಲೆ ಚೆಲ್ಲುವುದು ಸೂರ್ಯಗ್ರಹಣ. ಭೂಮಿಯ ನೆರಳಿನೊಳಗೆ ಚಂದ್ರನು ಹೋಗುವುದು ಚಂದ್ರಗ್ರಹಣ. ನೆರಳಿಗೆ ರೋಗವನ್ನು ಕೊಡುವ ಶಕ್ತಿಯೂ ಇಲ್ಲ, ಕಳೆಯುವ ಶಕ್ತಿಯೂ ಇಲ್ಲ. ಬರಿಗಣ್ಣಿನಿಂದ ಸೂರ್ಯನನ್ನು ನೋಡಬಾರದೆಂಬುದು ಮಾತ್ರ ನಿಜ; ಅದು ಗ್ರಹಣದ ದೋಷವಲ್ಲ, ಸೂರ್ಯನ ತೇಜಸ್ಸು. ಮಸಿ ಹಿಡಿದ ಗಾಜೂ ಕ್ಷಕಿರಣದ ಹಾಳೆಯೂ ಕಣ್ಣನ್ನು ಕಾಯಲಾರವು. ಮನೆಯ ಜರಡಿಯೊಂದನ್ನು ಬಿಸಿಲಿಗೆ ಹಿಡಿದು ಕೆಳಗೆ ಫರಸಿಯನ್ನು ನೋಡಿದರೆ ಸಾಕು. ಒಂದೊಂದು ತೂತಿನಿಂದಲೂ ಕೊರೆದ ಸೂರ್ಯನ ಒಂದೊಂದು ಬಿಂಬವು ಕಲ್ಲಿನ ಮೇಲೆ ಮೂಡುವುದು.

ಜನರು ಬಾಗಿಲು ಹಾಕಿಕೊಂಡು ಕುಳಿತ ಗ್ರಹಣಗಳನ್ನೇ ಪಂಡಿತರು ಹುಡುಕಿಕೊಂಡು ಬಂದಿರುವರು. 1868ನೆಯ ಇಸವಿ ಆಗಸ್ಟ್ 18ರ ಪೂರ್ಣಗ್ರಹಣವನ್ನು ಜಾನ್ ಹರ್ಷೆಲ್ಲನು ಜಮಖಂಡಿಯಲ್ಲಿಯೂ, ಫ್ರಾನ್ಸಿನಿಂದ ಬಂದ ಜಾನ್ಸೆನ್ನನು ಗುಂಟೂರಿನಲ್ಲಿಯೂ ಪರೀಕ್ಷಿಸಿದರು. ಸೂರ್ಯನ ಅಂಚಿನ ಜ್ವಾಲೆಗಳು ಕಾದು ಹೊಳೆಯುವ ವಾಯುವೆಂಬುದು ಅಂದು ಗೊತ್ತಾಯಿತು. 1980ನೆಯ ಇಸವಿ ಫೆಬ್ರವರಿ 16ರ ಪೂರ್ಣಗ್ರಹಣಕ್ಕೆ ಖಗೋಲವಿಜ್ಞಾನಿಗಳು ರಾಯಚೂರು ಸೀಮೆಯ ಜವಳಗೇರಾದಲ್ಲಿ ಬೀಡುಬಿಟ್ಟಿದ್ದರು.

ಈ ಸೀಮೆಯ ಒಕ್ಕಲಿಗನಿಗೆ ನಕ್ಷತ್ರಗಳು ಅಪರಿಚಿತವಲ್ಲ. ರೋಹಿಣಿ, ಮಿರಗ, ಆರಿದ್ರಾ ಎಂದು ಮಳೆಗಳನ್ನು ಹೆಸರಿಸಿಯೇ ಆತನು ಬಿತ್ತುವನು. ಆದರೆ ಮಿರಗದ ಮಳೆ ಬೀಳುವಾಗ ಮೃಗಶಿರೆಯು ರಾತ್ರಿಯ ಆಕಾಶದಲ್ಲಿ ಏಕೆ ಕಾಣದು? ಆಗ ಸೂರ್ಯನು ಆ ದಿಕ್ಕಿನಲ್ಲಿಯೇ ಇರುವುದರಿಂದ ಅದು ಹಗಲಿನ ಬೆಳಕಿನಲ್ಲಿ ಅಡಗಿರುತ್ತದೆ. ಅದೇ ನಕ್ಷತ್ರವು ಜನವರಿಯ ಸಂಜೆಗಳಲ್ಲಿ ಪೂರ್ವದಲ್ಲಿ ಎದ್ದು ನಿಲ್ಲುವುದು; ಸಮೀಪದಲ್ಲಿಯೇ ಕೆಂಪಗೆ ಹೊಳೆಯುವುದು ಆರ್ದ್ರೆ. ನಾಲಗೆಯ ಮೇಲಿರುವ ಹೆಸರನ್ನು ಕಣ್ಣಿಗೆ ತೋರಿಸಿಕೊಟ್ಟರೆ ಅರ್ಧ ಪಾಠವು ಮುಗಿದಂತೆಯೇ ಸರಿ.

ಇಂತಹ ಪಾಠದಿಂದಲೇ ಒಂದು ಹಳ್ಳಿಯು ಏಳಿಗೆಯನ್ನು ಹೊಂದಬಹುದೆಂಬುದಕ್ಕೆ ಲಡಾಖಿನ ಹಾನ್ಲೆಯು ಸಾಕ್ಷಿಯು. ಸುಮಾರು 4,500 ಮೀಟರ ಎತ್ತರದ ಆ ಪ್ರದೇಶದಲ್ಲಿ ಬೆಂಗಳೂರಿನ ಭಾರತೀಯ ಖಭೌತ ಸಂಸ್ಥೆಯು 2 ಮೀಟರ ಅಗಲದ ಕನ್ನಡಿಯುಳ್ಳ ದೂರದರ್ಶಕವನ್ನು ಸ್ಥಾಪಿಸಿದೆ. ಅದನ್ನು ಬೆಂಗಳೂರಿನ ಬಳಿಯ ಹೊಸಕೋಟೆಯಿಂದಲೇ ನಡೆಸುವರು. 2022ರಲ್ಲಿ ಅಲ್ಲಿಯ 1,073 ಚದರ ಕಿಲೋಮೀಟರ ಪ್ರದೇಶವನ್ನು ಕತ್ತಲೆಯ ಆಕಾಶದ ರಕ್ಷಿತ ಕ್ಷೇತ್ರವೆಂದು ಸಾರಲಾಯಿತು. ಅಲ್ಲಿ ದೊಡ್ಡ ಛತ್ರಗಳನ್ನು ಕಟ್ಟುವ ಬದಲು ಊರಿನವರಲ್ಲಿಯೇ 24 ಮಂದಿಯನ್ನು ಆರಿಸಿ, ಅವರಿಗೆ ಶಿಕ್ಷಣವನ್ನೂ ಚಿಕ್ಕ ದುರ್ಬೀನುಗಳನ್ನೂ ಕೊಟ್ಟರು. ಅವರಲ್ಲಿ ಸ್ತ್ರೀಯರೂ ಇರುವರು. ಬಂದ ಅತಿಥಿಗೆ ಅವರು ಆಕಾಶವನ್ನು ತೋರಿಸುವರು. ಆತನು ಊರಿನ ಮನೆಗಳಲ್ಲಿಯೇ ತಂಗಿ ಉಣ್ಣುವನು. ಹಣವೂ ಊರಿನಲ್ಲಿ ಉಳಿಯಿತು, ವಿದ್ಯೆಯೂ ಊರಿನಲ್ಲಿ ಉಳಿಯಿತು.

ಈ ಐದು ಊರುಗಳಲ್ಲಿ ಹಿಮಾಲಯದ ಎತ್ತರವಿಲ್ಲ. ಮಳೆಗಾಲದ ನಾಲ್ಕು ತಿಂಗಳು ಮೋಡದ ಪಾಲು. ಸಿಮೆಂಟಿನ ಕಾರ್ಖಾನೆಗಳ ಧೂಳೂ ದೀಪಗಳೂ ವಾಡಿ, ಶಹಾಬಾದ, ಸೇಡಂಗಳ ರಾತ್ರಿಯನ್ನು ಮಂಕುಗೊಳಿಸಿವೆ. ಆದರೆ ಚಿಂಚೋಳಿಯ ಕಡೆಗೆ ಹೋದಂತೆ ಬೆಳಕು ಕಡಿಮೆಯಾಗುವುದು. 2011ರಲ್ಲಿ ವನ್ಯಜೀವಿಧಾಮವಾದ ಆ ಕಾಡಿನ ಅಂಚಿನ ಹಳ್ಳಿಗಳೂ ತಾಂಡೆಗಳೂ ಇಂತಹ ಕಾರ್ಯಕ್ಕೆ ತಕ್ಕ ಸ್ಥಳಗಳು. ದಕ್ಷಿಣದಲ್ಲಿರುವ ಅಗಸ್ತ್ಯನಕ್ಷತ್ರವು ಹಾನ್ಲೆಯಲ್ಲಿ ಬೆಟ್ಟಗಳ ಮರೆಗೆ ಬೀಳುವಷ್ಟು ತಗ್ಗಿನಲ್ಲಿದ್ದರೆ, ಇಲ್ಲಿ ಅದು ದಿಗಂತದಿಂದ ಸುಮಾರು 20 ಅಂಶ ಮೇಲೇರುವುದು. ಹಗಲಿನಲ್ಲಿ ಸನ್ನತಿಯ ಅಶೋಕನ ಶಾಸನವನ್ನೂ ಮಳಖೇಡದ ಕೋಟೆಯನ್ನೂ ನೋಡಲು ಬಂದವರನ್ನು ರಾತ್ರಿಯೂ ನಿಲ್ಲಿಸಿ, ರೊಟ್ಟಿ ಪುಂಡಿಪಲ್ಯಗಳನ್ನು ಬಡಿಸಿ, ಶನಿಯ ಬಳೆಯನ್ನೂ ಗುರುವಿನ ನಾಲ್ಕು ಚಂದ್ರರನ್ನೂ ತೋರಿಸುವುದು ಅಸಾಧ್ಯವೇನಲ್ಲ.

ದುರ್ಬೀನು ಬರುವವರೆಗೆ ಕಾಯಬೇಕಾದ ಕಾರಣವೂ ಇಲ್ಲ. ತೋಳನ್ನು ಮುಂದೆ ಚಾಚಿ ಹಿಡಿದ ಮುಷ್ಟಿಯ ಅಗಲವು ಸುಮಾರು 10 ಅಂಶ. ಅದರಿಂದ ಅಳೆದರೆ ಧ್ರುವನು ಇಲ್ಲಿ ಎರಡು ಮುಷ್ಟಿಗಿಂತ ತುಸು ಕಡಿಮೆ, ಎಂದರೆ 17 ಅಂಶದಷ್ಟು ಎತ್ತರದಲ್ಲಿರುವನು; ಅದೇ ಈ ಊರುಗಳ ಅಕ್ಷಾಂಶವು. ಹಾನ್ಲೆಯಲ್ಲಿ ಅಳೆದರೆ ಮೂರು ಮುಷ್ಟಿಗಿಂತ ಹೆಚ್ಚು. ಭೂಮಿಯು ಉರುಟಾಗಿದೆಯೆಂಬುದಕ್ಕೆ ಮಗುವಿನ ಕೈಯೇ ಪ್ರಮಾಣವು. ಶಾಲೆಯ ಅಂಗಳದ ಫರಸಿಯ ಮೇಲೆ ಕೋಲೊಂದನ್ನು ನೆಟ್ಟಗೆ ನಿಲ್ಲಿಸಿದರೆ, ಮೇ 8ರ ಸುಮಾರಿಗೂ ಆಗಸ್ಟ್ ಮೊದಲ ವಾರದಲ್ಲಿಯೂ ಮಧ್ಯಾಹ್ನ ಅದರ ನೆರಳು ಕೋಲಿನ ಬುಡದಲ್ಲಿಯೇ ಅಡಗುವುದು. ಅದು ಗಡಿಯಾರದ ಹನ್ನೆರಡು ಗಂಟೆಗೆ ಆಗುವುದಿಲ್ಲ. ಮೇ ತಿಂಗಳಿನಲ್ಲಿ ಸೇಡಮಿನಲ್ಲಿ ಹನ್ನೆರಡು ಗಂಟೆ ಹದಿನೇಳು ನಿಮಿಷದ ಸುಮಾರಿಗೆ ಆಗುವುದು. ಏಕೆಂದು ಕೇಳಿದ ಮಗುವು ರೇಖಾಂಶವನ್ನು ತಾನೇ ಕಲಿಯುವುದು.

ಇಲ್ಲಿ ಎರಡು ಎಚ್ಚರಿಕೆಗಳು ಅವಶ್ಯಕ. ಮೊದಲನೆಯದು, ಕತ್ತಲೆಯನ್ನು ಕಾಯುವುದು. ದೀಪವು ಬೇಡವೆಂದಲ್ಲ, ಅದರ ತಲೆಗೆ ಟೊಪ್ಪಿಗೆಯಿಟ್ಟು ಬೆಳಕು ನೆಲಕ್ಕೆ ಮಾತ್ರ ಬೀಳುವಂತೆ ಮಾಡಿದರೆ ದಾರಿಯೂ ಕಾಣುವುದು, ನಕ್ಷತ್ರವೂ ಉಳಿಯುವುದು. ಕಾಡಿನ ಮೃಗಗಳ ನೆಮ್ಮದಿಗೂ ಅದೇ ಒಳ್ಳೆಯದು. ಎರಡನೆಯದು, ಈ ಕಾರ್ಯವು ಊರಿನವರ ಕೈಯಲ್ಲಿಯೇ ಇರತಕ್ಕದ್ದು. ಹೊರಗಿನ ಧನಿಕನು ಬಂದು ಬೇಲಿ ಹಾಕಿ ಆಕಾಶವನ್ನು ಮಾರಿದರೆ ಹಳ್ಳಿಗನಿಗೆ ಕಾವಲಿನ ಕೆಲಸವಷ್ಟೇ ಉಳಿಯುವುದು. ಕಲ್ಲುಗಣಿಯ ಕೂಲಿಯ ಮಗಳೂ ತಾಂಡೆಯ ತರುಣನೂ ದುರ್ಬೀನಿನ ಬಳಿ ನಿಂತು ವಿವರಿಸುವಂತಾದಾಗಲೇ ಇದು ಸಾರ್ಥಕವು. ಕಲಬುರಗಿಯ ಜಿಲ್ಲಾ ವಿಜ್ಞಾನ ಕೇಂದ್ರದ ನೆರವನ್ನು ಕೋರಬಹುದು. ಅನ್ನದಾಸೋಹವನ್ನೂ ಜ್ಞಾನದಾಸೋಹವನ್ನೂ ನಡೆಸಿಕೊಂಡು ಬಂದಿರುವ ಮಠಗಳ ವಿಶಾಲವಾದ ಅಂಗಳಗಳು ತಿಂಗಳಿಗೊಂದು ರಾತ್ರಿ ಗಗನದರ್ಶನಕ್ಕೆ ತೆರೆದರೆ, ಭಕ್ತರ ಮಕ್ಕಳಿಗೆ ಅದಕ್ಕಿಂತ ಹಿರಿದಾದ ಪ್ರಸಾದವಿಲ್ಲ.

2031ನೆಯ ಇಸವಿ ಮೇ 21ರಂದು ಇನ್ನೊಂದು ಕಂಕಣಗ್ರಹಣವು ಕೇರಳ ತಮಿಳುನಾಡುಗಳ ಮೇಲೆ ಹಾಯುವುದು. ಈ ಸೀಮೆಯಲ್ಲಿ ಅದು ಪಾರ್ಶ್ವಗ್ರಹಣವಾಗಿ ಕಾಣಲಿರುವುದು. ಆ ದಿನ ಯಾವ ಹಳ್ಳಿಯಲ್ಲಿಯೂ ಕುಣಿಯನ್ನು ತೋಡದಿರಲಿ. ನಡೆಯಲಾರದ ಮಗುವನ್ನು ತಾಯಿಯು ಎತ್ತಿಕೊಂಡು ಅಂಗಳಕ್ಕೆ ಬಂದು, ಜರಡಿಯ ಕೆಳಗಿನ ನೂರು ಸೂರ್ಯರನ್ನು ಅದಕ್ಕೆ ತೋರಿಸುವಂತಾಗಲಿ. ಅಷ್ಟಾದರೆ ಮಾನ್ಯಖೇಟದ ವಿದ್ಯೆಯು ಮರಳಿ ಮನೆಗೆ ಬಂದಂತಾಗುವುದು.

ಸರ್ವರಿಗೂ ಮಂಗಳವಾಗಲಿ.