ತಂತಿಗೂ ಮಳೆಗಾಲವುಂಟು



ಶೃಂಗೇರಿಯ ನವರಾತ್ರಿಯಲ್ಲಿ ಶಾರದಾಂಬೆಗೆ ದಿನಕ್ಕೊಂದು ಅಲಂಕಾರ. ಅವುಗಳಲ್ಲಿ ವೀಣಾಶಾರದೆಯದೂ ಒಂದು. ಮಳೆ ಹಿಂದೆ ಸರಿಯುವ ಆ ದಿನಗಳಲ್ಲೇ ಮಲೆನಾಡಿನ ಮನೆಗಳ ವೀಣೆಗಳೂ ಪೂಜೆಗೆಂದು ಗವಸಿನಿಂದ ಹೊರಬರುತ್ತವೆ. ಶ್ರುತಿ ಕೂಡಿಸಲು ಹೊರಟರೆ ಬಿರಡೆ ತಿರುಗದು, ತಿರುಗಿದರೆ ನಿಲ್ಲದು. ವಾದ್ಯ ಕೆಟ್ಟಿತೆಂದು ಅದನ್ನು ಮತ್ತೆ ಮೂಲೆಗೆ ಒರಗಿಸುವವರೇ ಹೆಚ್ಚು. ನಿಜಕ್ಕೂ ಅದು ಕೆಟ್ಟಿರುವುದಿಲ್ಲ, ಮಳೆ ಕುಡಿದಿರುತ್ತದೆ.

ಬೇಗಾರ್, ಕಿಗ್ಗ, ಆಗುಂಬೆಗಳ ಸೀಮೆಯಲ್ಲಿ ಇದು ಸಹಜ. ಆಗುಂಬೆಯ ವಾರ್ಷಿಕ ಮಳೆಯ ಸರಾಸರಿ 7,000 ಮಿಲಿಮೀಟರಿಗೂ ಹೆಚ್ಚು. ಮರ ಕಡಿದು ಎಷ್ಟು ವರ್ಷ ಕಳೆದರೂ ತೇವ ಹೀರಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕುಗ್ಗುತ್ತದೆ. ಹಲಸಿನ ಮರದ ವೀಣೆಗೂ ಜಾತ್ರೆಯ ರಸಮಂಜರಿಯಲ್ಲಿ ಗುಂಯ್‌ಗುಡುವ ಬೇಸ್ ಗಿಟಾರಿಗೂ ಈ ನಿಯಮ ಒಂದೇ.

ವೀಣೆಗೆ 24 ಮೆಟ್ಟಿಲು. ನುಡಿಸುವ ತಂತಿ ನಾಲ್ಕು, ತಾಳದ ತಂತಿ ಮೂರು. ಅಮೆರಿಕದ ಲಿಯೋ ಫೆಂಡರ್ 1951ರಲ್ಲಿ ಮಾರುಕಟ್ಟೆಗೆ ತಂದ ವಿದ್ಯುತ್ ಬೇಸ್ ಗಿಟಾರಿಗೆ ನಾಲ್ಕೇ ತಂತಿ. ನುಡಿಯುವ ಭಾಗದ ಉದ್ದ ಸುಮಾರು 86 ಸೆಂಟಿಮೀಟರ್. ಅತಿ ತಗ್ಗಿನ ತಂತಿ ಸೆಕೆಂಡಿಗೆ ಸುಮಾರು 41 ಬಾರಿ ಕಂಪಿಸುತ್ತದೆ.

ವಂಶ ಬೇರೆಯಾದರೂ ಎರಡಕ್ಕೂ ಒಂದೇ ತೊಡಕು. ತಂತಿಯ ಅರ್ಧಕ್ಕೆ, ಅಂದರೆ ಹನ್ನೆರಡನೆಯ ಮೆಟ್ಟಿಲಿಗೆ, ಮೇಲಿನ ಷಡ್ಜ ನುಡಿಯಬೇಕು. ಆದರೆ ಒತ್ತಿದಾಗ ತಂತಿ ಕೊಂಚ ಬಿಗಿದು ಸ್ವರ ಏರುತ್ತದೆ. ಆದ್ದರಿಂದ ಬರಿಯ ಅಳತೆಕೋಲು ಸಾಲದು. ವೀಣೆಯ ಮೆಟ್ಟಿಲುಗಳು ಜೇನುಮೇಣಕ್ಕೆ ಕಪ್ಪು ಪುಡಿ ಬೆರೆಸಿದ ಪಾಕದಲ್ಲಿ ಕೂತಿರುತ್ತವೆ. ಮೇಳ ಕಟ್ಟುವವರು ಅವನ್ನು ಕಿವಿಯಿಂದಲೇ ತೂಗಿ ಸರಿಯಾದ ಜಾಗಕ್ಕೆ ಕೂರಿಸುತ್ತಾರೆ. ಗಿಟಾರಿನ ಮೆಟ್ಟಿಲು ಮರದಲ್ಲಿ ಹುಗಿದದ್ದು, ಅಲುಗದು. ಅಲ್ಲಿ ತಂತಿಯನ್ನು ಹೊತ್ತ ಕುದುರೆಯನ್ನೇ ಸರಿಸಬೇಕು.

ಗಿಟಾರನ್ನು ಸಜ್ಜುಗೊಳಿಸಲು ಒಂದು ಕ್ರಮವಿದೆ. ಮೊದಲು ಹೊಸ ತಂತಿ ಹಾಕಿ ಶ್ರುತಿ ಮಾಡಬೇಕು. ಮುಂದಿನದು ಕತ್ತು. ಅದರೊಳಗೆ ಟ್ರಸ್ ರಾಡ್ ಎಂಬ ಉಕ್ಕಿನ ಸರಳಿದೆ. ತಂತಿಗಳ ಎಳೆತಕ್ಕೆ ಅದೇ ಎದುರಾಳಿ. ಮೊದಲ ಮೆಟ್ಟಿಲಿನಲ್ಲೂ ಕತ್ತು ಒಡಲನ್ನು ಸೇರುವ ಕಡೆಯ ಮೆಟ್ಟಿಲಿನಲ್ಲೂ ತಂತಿಯನ್ನು ಒತ್ತಿ ಹಿಡಿದರೆ ನಡುವೆ ಒಂದು ವಿಸಿಟಿಂಗ್ ಕಾರ್ಡಿನ ದಪ್ಪದಷ್ಟು ಸಂದು ಕಾಣಬೇಕು. ಹೆಚ್ಚಿದ್ದರೆ ಸರಳನ್ನು ಬಿಗಿಸಬೇಕು, ಇಲ್ಲವೇ ಇಲ್ಲವಾದರೆ ಸಡಿಲಿಸಬೇಕು. ಒಂದು ಸಲಕ್ಕೆ ಕಾಲು ಸುತ್ತಿಗಿಂತ ಹೆಚ್ಚು ಬೇಡ. ಆಮೇಲೆ ತಂತಿಯ ಎತ್ತರ. ಕೊನೆಗೆ ಕುದುರೆ: ಹನ್ನೆರಡನೆಯ ಮೆಟ್ಟಿಲ ನೇರಕ್ಕೆ ತಂತಿಯನ್ನು ಹಗುರಾಗಿ ಮುಟ್ಟಿ ಮೀಟಿದ ನಾದವನ್ನೂ ಒತ್ತಿ ಮೀಟಿದ ಸ್ವರವನ್ನೂ ಹೋಲಿಸಬೇಕು. ಒತ್ತಿದ ಸ್ವರ ಏರಿದ್ದರೆ ಕುದುರೆ ಹಿಂದಕ್ಕೆ, ಇಳಿದಿದ್ದರೆ ಮುಂದಕ್ಕೆ.

ದಿನದ ಆರೈಕೆ ಇಷ್ಟು ಕಷ್ಟದ್ದಲ್ಲ. ನುಡಿಸಿದ ಮೇಲೆ ಒಣ ಬಟ್ಟೆಯಿಂದ ತಂತಿಯ ಬೆವರು ಒರೆಸಿದರೆ ತುಕ್ಕು ದೂರ. ಬ್ಯಾಟರಿ ಇರುವ ಗಿಟಾರನ್ನು ಬಹುಕಾಲ ಮುಚ್ಚಿಡುವಾಗ ಬ್ಯಾಟರಿಯನ್ನು ತೆಗೆದಿಡಬೇಕು. ಸೋರಿದರೆ ಒಳಗಿನ ತಾಮ್ರ ಕೊರೆದುಹೋಗುತ್ತದೆ. ಹೊರಗೋಡೆಗೆ ತಾಗಿಸಿ ವಾದ್ಯ ಇಡಬಾರದು, ಅದು ಥಂಡಿ ಹಿಡಿಯುತ್ತದೆ. ಹಾಗೆಂದು ಅಡಕೆ ಒಣಗಿಸುವಂತೆ ಒಲೆಯ ಬಳಿ ಇಡುವುದೂ ಸಲ್ಲ. ಚರ್ಮವಾದ್ಯಕ್ಕೆ ಬಿಸಿ ತೋರಿಸುವುದುಂಟು; ವೀಣೆಗೆ ತೋರಿಸಿದರೆ ಮೇಣ ಕರಗಿ ಮೆಟ್ಟಿಲು ಜಾರುತ್ತದೆ, ಅಂಟು ಬಿಡುತ್ತದೆ.

ಇಷ್ಟೆಲ್ಲ ಏಕೆಂದರೆ, ಕಲಿಯುವ ಮಗು ವಾದ್ಯವನ್ನು ನಂಬುತ್ತದೆ. ತಪ್ಪು ಜಾಗದ ಮೆಟ್ಟಿಲಿನ ಮೇಲೆ ಆರು ತಿಂಗಳು ಸಾಧನೆ ಮಾಡಿದ ಕಿವಿಗೆ ಆ ಅಪಸ್ವರವೇ ಸ್ವರವಾಗುತ್ತದೆ. ಕೈ ತಪ್ಪಿತೆಂದು ಗದರುವ ಮೊದಲು ಮನೆಯ ಹಿರಿಯರು ಹನ್ನೆರಡನೆಯ ಮೆಟ್ಟಿಲನ್ನೊಮ್ಮೆ ಪರೀಕ್ಷಿಸಲಿ. ಮೇಳ ಕಟ್ಟಬಲ್ಲವರು ಊರೂರಲ್ಲಿ ಸಿಗುವುದಿಲ್ಲ. ಸಿಕ್ಕಾಗ ಹತ್ತಿರ ಕೂತು, ಮೇಣ ಕಾಯುವುದನ್ನೂ ಕಿವಿ ತೂಗುವುದನ್ನೂ ಮಕ್ಕಳಿಗೆ ತೋರಿಸಲಿ. ನುಡಿಸುವ ವಿದ್ಯೆಯ ಮೊದಲ ಪಾಠ ಅಲ್ಲಿಯೇ ಇದೆ.